ಆಚೆ ದಂಡೆಗೆ ತೇಲುವ ದಾರಿ



ನಾನು ಮೊದಲ ಸಲ ತೆಪ್ಪ ಹತ್ತಿದಾಗ ನನಗೆ ಏಳೆಂಟು ವರ್ಷ. ನಮ್ಮ ಸೋದರತ್ತೆಯನ್ನು ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ಗಡ್ಡಿಯೊಂದಕ್ಕೆ, ಅಂದರೆ ಹೊಳೆಯ ನಡುವಿನ ದ್ವೀಪಕ್ಕೆ, ಕೊಟ್ಟಿದ್ದರು. ಪಂಚಮಿಗೆ ಅವಳನ್ನು ಕರೆತರಲು ಅಪ್ಪನ ಜೊತೆ ಹೊರಟಿದ್ದೆ. ಅತ್ತೆಯ ಊರು ಎದುರಿಗೇ ಕಾಣುತ್ತಿತ್ತು. ಆದರೆ ಅಂಬಿಗರ ಕಾಕಾ ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು, ದಂಡೆಗುಂಟ ಹೊಳೆಯ ಮೇಲ್ಗಡೆಗೆ ನಡೆದೇ ನಡೆದರು. ಎಷ್ಟೋ ದೂರ ಹೋದ ಮೇಲೆ ಅದನ್ನು ನೀರಿಗಿಳಿಸಿ, “ನಡುವ ಕುಂದ್ರು ತಮ್ಮಾ, ಅಂಚಿಗಿ ಕೈ ಹಚ್ಚಬ್ಯಾಡ” ಎಂದರು. ಅಲ್ಲಿಂದ ಹೊಳೆಯೇ ನಮ್ಮನ್ನು ಓರೆಯಾಗಿ ಒಯ್ದು ಅತ್ತೆಯ ಊರಿನ ಕಟ್ಟೆಗೆ ಮುಟ್ಟಿಸಿತು. ಕಾಕಾ ಹುಟ್ಟು ಹಾಕಿದ್ದು ತೆಪ್ಪ ದಾರಿ ತಪ್ಪದಿರಲೆಂದು ಅಷ್ಟೇ. ಕಾಲಡಿಯ ಬಿದಿರಿನ ಹೆಣಿಗೆ ನೀರಿನ ಸಂಗಡ ಉಬ್ಬುತ್ತ ತಗ್ಗುತ್ತ ಇದ್ದದ್ದು ಇವತ್ತಿಗೂ ನನ್ನ ಅಂಗಾಲಿಗೆ ನೆನಪಿದೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬ್ ನಮ್ಮ ಸೀಮೆ. ಈ ನೆಲಕ್ಕಾಗಿ ಆದ ಯುದ್ಧಗಳನ್ನು ಪುಸ್ತಕಗಳಲ್ಲಿ ಓದುತ್ತೇವೆ. ಎರಡು ಹೊಳೆಗಳನ್ನು ಜನ ದಾಟಿದ್ದು ಹೇಗೆ ಎಂಬ ಚರಿತ್ರೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ.

ಮಸ್ಕಿಯಿಂದಲೇ ಶುರುಮಾಡೋಣ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿದೆ. ಬೇರೆಡೆ ಬರೀ ‘ದೇವಾನಾಂಪ್ರಿಯ’ನಾಗಿದ್ದ ದೊರೆಯ ಸ್ವಂತ ಹೆಸರು ಅಶೋಕ ಎಂದು ಮೊದಲು ತಿಳಿಸಿಕೊಟ್ಟ ಬಂಡೆ ಅದು. ಮುಂದೆ ಅಂಥದೇ ಶಾಸನಗಳು ಸಿಂಧನೂರಿನ ಆಚೆ, ತುಂಗಭದ್ರೆಯ ಇನ್ನೊಂದು ಬದಿಗೆ, ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉದೆಗೋಳದಲ್ಲಿ ಸಿಕ್ಕವು. ಹೊಳೆಯ ಎರಡೂ ಮಗ್ಗುಲಿಗೆ ಒಬ್ಬ ಅರಸನ ಮಾತು ಹೋಗಿದೆ ಎಂದರೆ, ಆ ಮಾತು ಹೊತ್ತವರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಎಲ್ಲೋ ಒಂದು ಕಡೆ ಹೊಳೆ ದಾಟಿರಲೇಬೇಕು. ಬೇಸಿಗೆಯಲ್ಲಾದರೆ ನಡೆದು ದಾಟಿರಬಹುದು. ಮಳೆಗಾಲದಲ್ಲಿ ಅವರನ್ನು ದಾಟಿಸಿದವನು ಒಬ್ಬ ಅಂಬಿಗನೇ ಇರಬೇಕು ಎಂದು ನಾನು ನಂಬಿದ್ದೇನೆ. ಅವನ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡು ವಚನ ಹೇಳಿದಾಗ ಈ ಕಸುಬಿನವರಿಗೆ ಒಂದು ದನಿ ಬಂತು.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡೆ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ. ನೆಟ್ಟಗೆ ಹೋಗದೆ ಗರಗರ ತಿರುಗುತ್ತ ಸಾಗುತ್ತವೆ ಎಂದು ಅವನ ವಿವರಣೆ. ನಮ್ಮ ತೆಪ್ಪವೇ ಅದು! ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದದ್ದು ಬಿಟ್ಟರೆ ಐನೂರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬದಲಾಗುವ ಅಗತ್ಯವೂ ಇರಲಿಲ್ಲ. ತಳ ಚಪ್ಪಟೆ, ಗೇಣು ನೀರಿದ್ದರೂ ತೇಲುತ್ತದೆ. ಬಂಡೆಗೆ ಬಡಿದರೆ ಮರದ ದೋಣಿ ಸೀಳುತ್ತದೆ, ಬಿದಿರು ಬಾಗುತ್ತದೆ. 1803ರ ಮರಾಠಾ ಯುದ್ಧದ ಹೊತ್ತಿಗೆ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿಯೂ ತನ್ನ ದಂಡನ್ನು ಹೊಳೆ ದಾಟಿಸಲು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದ.

ತೇಲುವ ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿ, ಮೇಲೆ ಹಲಗೆ ಹಾಸಿದರೆ ಅದೇ ಸೇತುವೆ. ನಾನು ಓದಿ ತಿಳಿದವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ವಿಲ್ಲೆಮ್‌ಸ್ಟಾಡ್ ಎಂಬ ಬಂದರು. ಡಚ್ಚರು ಕಟ್ಟಿದ ಊರು. ದಡದ ಮನೆಗಳು ಒಂದು ಹಳದಿ, ಒಂದು ನೀಲಿ, ಒಂದು ಕೆಂಪು. ಬಿಳಿ ಗೋಡೆಯ ಝಳಕ್ಕೆ ಗವರ್ನರನಿಗೆ ತಲೆನೋವು ಬರುತ್ತಿತ್ತು, ಅದಕ್ಕೇ 1817ರಲ್ಲಿ ಸುಣ್ಣದ ಬಿಳಿಯನ್ನು ಬಿಡಿಸಿ ಬಣ್ಣ ಬಳಿಸಿದ ಎಂದು ಅಲ್ಲಿ ಕಥೆ ಹೇಳುತ್ತಾರೆ. ಊರನ್ನು ನೀರು ಎರಡು ಪಾಲು ಮಾಡಿದೆ. ಒಂದು ಪಾಲಿನ ಹೆಸರು ಓಟ್ರೊಬಾಂಡ. ಅದರ ಅರ್ಥ ತಿಳಿದಾಗ ನನಗೆ ಮೈ ಝುಮ್ಮೆಂದಿತು: ‘ಆಚೆ ದಂಡೆ’!

ಆ ಎರಡು ದಂಡೆಗಳ ನಡುವೆ 1888ರಲ್ಲಿ ಲಿಯೊನಾರ್ಡ್ ಬರ್ಲಿಂಗ್ಟನ್ ಸ್ಮಿತ್ ಎಂಬ ಅಮೆರಿಕದವನು ಕ್ವೀನ್ ಎಮ್ಮಾ ಎಂಬ ತೇಲುವ ಸೇತುವೆ ಕಟ್ಟಿಸಿದ. ಉದ್ದ 167 ಮೀಟರ್. ಒಂದು ತುದಿ ದಡಕ್ಕೆ ಕೀಲು ಹಾಕಿದ್ದು. ಹಡಗು ಬಂದರೆ ಗಂಟೆ ಬಾರಿಸಿ, ಎಂಜಿನ್ ಹಚ್ಚಿ, ಇಡೀ ಸೇತುವೆಯನ್ನೇ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತಾರೆ. ಈಗ ಅಲ್ಲಿ ವಾಹನಗಳಿಲ್ಲ, ಕಾಲ್ನಡಿಗೆಯವರು ಮಾತ್ರ. 1934ರವರೆಗೆ ದಾಟಲು ಸುಂಕವಿತ್ತು. ಕಾಲಲ್ಲಿ ಬೂಟು ಇದ್ದವರು ಎರಡು ಸೆಂಟ್ ಕೊಡಬೇಕು, ಬರಿಗಾಲಿನವರಿಗೆ ಬಿಟ್ಟಿ. ದುಡ್ಡಿದ್ದವರು ಬೂಟು ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದರಂತೆ, ಬಡವರು ಮಾನಕ್ಕಾಗಿ ಕಡ ತಂದ ಬೂಟು ಮೆಟ್ಟಿ ಸುಂಕ ಕೊಡುತ್ತಿದ್ದರಂತೆ. ನಮ್ಮ ಕಾಕಾ ಗಡ್ಡಿಯ ಜನರಿಂದ ದಿನದ ದುಡ್ಡು ಕೇಳುತ್ತಿರಲಿಲ್ಲ. ರಾಶಿಯ ಕಾಲಕ್ಕೆ ಕಣಕ್ಕೆ ಬಂದು ನಿಲ್ಲುತ್ತಿದ್ದರು, ಹೊಲ ಇದ್ದವರು ಜೋಳ ಅಳೆಯುತ್ತಿದ್ದರು, ಇಲ್ಲದವರು ಅಳೆಯುತ್ತಿರಲಿಲ್ಲ. ದಾಟುವಾಗ ಮಾತ್ರ ಎಲ್ಲರೂ ಒಂದೇ ತೆಪ್ಪದಲ್ಲಿ.

ನಮ್ಮ ದೇಶದಲ್ಲೂ 1874ರಲ್ಲಿ ಹೂಗ್ಲಿಯ ಮೇಲೆ ಹೌರಾಕ್ಕೆ ತೇಲುವ ಸೇತುವೆ ಹಾಕಿದ್ದರು. 1943ರಲ್ಲಿ ಈಗಿನ ಉಕ್ಕಿನ ಸೇತುವೆ ಬರುವವರೆಗೂ ಕಲ್ಕತ್ತೆ ಅದರ ಮೇಲೇ ನಡೆಯಿತು. ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಮಲ್ಪೆ ಕಡಲತೀರದಲ್ಲಿ ನೂರು ಮೀಟರ್ ಉದ್ದದ ತೇಲುವ ಸೇತುವೆ ತೆರೆಯಿತು. ಕೆಲವೇ ದಿನಗಳಲ್ಲಿ ಕಡಲು ಎದ್ದು ಅದರ ಭಾಗಗಳು ಕಿತ್ತುಬಂದವು.

ಮಲ್ಪೆಯ ಸುದ್ದಿ ಕೇಳಿ, ಗಡ್ಡಿಗಳಿಗೂ ಇಂಥದ್ದೊಂದು ಹಾಕಬಾರದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಆಸೆ ಸಹಜ, ಆದರೆ ಹೊಳೆ ಕೇಳಬೇಕಲ್ಲ. ವಿಲ್ಲೆಮ್‌ಸ್ಟಾಡ್‌ನಲ್ಲಿ ನೀರು ಏರಿಳಿಯುವುದು ಒಂದಡಿ ಆಸುಪಾಸು, ಕೊಲ್ಲಿ ಮರೆಯಲ್ಲಿದೆ, ಸೆಳವಿಲ್ಲ. ನಮ್ಮ ಕೃಷ್ಣೆ ಜಲದುರ್ಗದ ಸೀಮೆಯಲ್ಲಿ ಮೂರು ಮೈಲಿಯೊಳಗೆ ನಾನೂರು ಅಡಿಯಷ್ಟು ಬಂಡೆಗಳ ಮೇಲೆ ಧುಮುಕುತ್ತಾಳೆ. ಆದಿಲ್‌ಶಾಹಿಗಳು ಅಲ್ಲಿ ಕೋಟೆ ಇಟ್ಟುಕೊಂಡದ್ದು ಆ ನೀರನ್ನೇ ನಂಬಿ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಐದು ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ಸ್ ನೀರು ಬಂತು. ಆ ಸೆಳವಿಗೆ ಯಾವ ಹಗ್ಗ, ಯಾವ ಲಂಗರು ತಡೆದೀತು?

ಗಡ್ಡಿಗೆ ಬೇಕಾದದ್ದು ಎತ್ತರದ ಸೇತುವೆ. ಸಿಂಧನೂರಿನವರು ದಢೇಸೂಗೂರಿನ ಸೇತುವೆ ಹತ್ತಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಿರುಗುಪ್ಪದ ಕಡೆಗೆ ಹೋಗುತ್ತಾರೆ. ಆದರೆ ಕೃಷ್ಣೆಯ ಮೇಲಿನ ಶೀಲಹಳ್ಳಿಯ ಸೇತುವೆ ತಗ್ಗಿನದು. ಜಲಾಶಯದ ಬಾಗಿಲು ತೆರೆದಾಗ ಅದರ ಮೇಲೆ ನೀರು ಹರಿಯುತ್ತದೆ. ಹಂಚಿನಾಳ, ಯರಗೋಡಿ, ಕಡದರಗಡ್ಡಿಯ ಜನ ಸುತ್ತುಹಾಕಿ ಲಿಂಗಸುಗೂರು ಮುಟ್ಟಬೇಕು. ಕರಕಲಗಡ್ಡಿಯಂಥ ಕಡೆ ಜನ ಆಚೆಯೇ ಉಳಿಯುತ್ತಾರೆ. ಅಧಿಕಾರಿಗಳು ಬಂದು ಕರೆದರೂ, ದನಕರು ಬಿಟ್ಟು ಹೇಗೆ ಬರೋಣ ಎನ್ನುತ್ತಾರೆ. ಅದನ್ನು ಹಟ ಎಂದವರಿದ್ದಾರೆ. ಕಟ್ಟಿದ ಎಮ್ಮೆಯ ಹಗ್ಗ ಬಿಚ್ಚಿ ಹೊಳೆಯ ಪಾಲು ಮಾಡಿ ಬರುವುದು ಯಾರ ಕೈಲಾದೀತು, ಹೇಳಿ?

ಹೋದ ವರ್ಷ ರೋಹಿಣಿ ಮಳೆಯ ಹೊತ್ತಿಗೆ ಅತ್ತೆಯ ಊರಿಗೆ ಹೋಗಿದ್ದೆ. ಅಂಬಿಗರ ಕಾಕಾ ಈಗಿಲ್ಲ. ಅವರ ಮಗ ಬೇವಿನ ಮರದಡಿ ತೆಪ್ಪ ಬೋರಲು ಹಾಕಿಕೊಂಡು, ಒಡೆದ ದಬ್ಬೆ ತೆಗೆದು ಹೊಸ ಬಿದಿರು ಹೆಣೆಯುತ್ತಿದ್ದ. ಪಕ್ಕದಲ್ಲಿ ತಗಡಿನ ಡಬ್ಬಿಯಲ್ಲಿ ಡಾಂಬರು ಕಾಯುತ್ತಿತ್ತು. ಅವನ ಸಣ್ಣ ಮಗಳು ಕೋಲಿಗೆ ಅರಿವೆ ಸುತ್ತಿ, ಸಂದು ಸಂದಿಗೂ ಬಳಿಯುತ್ತಿದ್ದಳು.