ಗುರುತ್ವದ ನಿಯಮಕ್ಕೆ ತಿದ್ದುಪಡಿ ಬೇಕೆ?



ಆಕಾಶದ ಲೆಕ್ಕ ತಪ್ಪಿದಾಗ ವಿದ್ವಾಂಸನ ಮುಂದೆ ಎರಡು ದಾರಿಗಳುಂಟು: ಕಾಣದ ವಸ್ತುವೊಂದು ಇದೆಯೆಂದು ಊಹಿಸುವುದು, ಇಲ್ಲವೆ ನಿಯಮವನ್ನೇ ತಿದ್ದುವುದು. ಯುರೇನಸ್ಸಿನ ಗತಿಯು ನ್ಯೂಟನ್ನನ ಗಣಿತಕ್ಕೆ ಒಗ್ಗದಿದ್ದಾಗ ಲವೆರಿಯೆ ಎಂಬ ಫ್ರೆಂಚ್ ಪಂಡಿತನು ಮೊದಲ ದಾರಿಯನ್ನು ಹಿಡಿದನು. ಅವನು ಸೂಚಿಸಿದ ಎಡೆಯ ಸಮೀಪದಲ್ಲಿಯೇ 1846ರಲ್ಲಿ ನೆಪ್ಚೂನ್ ದೊರೆಯಿತು. ಅದೇ ಉಪಾಯವನ್ನು ಬುಧನ ವಿಷಯದಲ್ಲಿ ಹೂಡಿದಾಗ ಮಾತ್ರ ಯಾವ ಹೊಸ ಗ್ರಹವೂ ಸಿಕ್ಕಲಿಲ್ಲ. 1915ರಲ್ಲಿ ಐನ್‌ಸ್ಟೈನನು ಗುರುತ್ವದ ನಿಯಮವನ್ನೇ ಬದಲಿಸಿದ ಮೇಲೆ ಆ ಲೆಕ್ಕ ಸರಿಹೋಯಿತು.

ಇಂದು ಅದೇ ಸಂದಿಗ್ಧವು ವಿಶ್ವದ ಪ್ರಮಾಣದಲ್ಲಿ ನಮ್ಮೆದುರು ನಿಂತಿದೆ. ಸಿಡಿದು ಬೆಳಗುವ ದೂರದ ನಕ್ಷತ್ರಗಳು ನಿರೀಕ್ಷೆಗಿಂತ ಮಂಕಾಗಿರುವುದನ್ನು 1998ರಲ್ಲಿ ಎರಡು ತಂಡಗಳು ಕಂಡವು. ಮಂಕಾಗಿರಬೇಕಾದರೆ ಅವು ಇನ್ನೂ ದೂರದಲ್ಲಿರಬೇಕು; ಅಷ್ಟು ದೂರ ಸರಿಯಬೇಕಾದರೆ ವಿಶ್ವದ ವಿಸ್ತರಣೆಯು ನಿಧಾನವಾಗುವ ಬದಲು ವೇಗೋತ್ಕರ್ಷ ಹೊಂದುತ್ತಿರಬೇಕು. ಇದಕ್ಕೆ ಶೂನ್ಯಾಕಾಶದಲ್ಲೆಲ್ಲ ತುಂಬಿರುವ, ಕಾಣದ ‘ಕೃಷ್ಣಶಕ್ತಿ’ಯೇ ಕಾರಣವೆಂದು ಬಹುಮಂದಿಯ ಮತ; ಇದು ಮೊದಲ ದಾರಿ. ಆದರೆ ಶೂನ್ಯಾಕಾಶದಲ್ಲಿ ಇರಬೇಕಾದ ಶಕ್ತಿಯನ್ನು ಕ್ವಾಂಟಮ್ ಸಿದ್ಧಾಂತದಿಂದ ಸರಳವಾಗಿ ಗಣಿಸಿದರೆ, ಕಂಡದ್ದಕ್ಕಿಂತ ಒಂದರ ಮುಂದೆ ಸುಮಾರು 120 ಸೊನ್ನೆಗಳಷ್ಟು ಪಟ್ಟು ಹೆಚ್ಚು ಬರುತ್ತದೆ. ಇಂತಹ ಲೆಕ್ಕವನ್ನು ಕಂಡು ಕೆಲವರು ಎರಡನೆಯ ದಾರಿಯತ್ತ ಹೊರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ತೊಡಕು ಇದು: ಸೂರ್ಯನ ಸುತ್ತಮುತ್ತ ಐನ್‌ಸ್ಟೈನನ ಮಾತು ಎಳ್ಳಷ್ಟೂ ಸುಳ್ಳಾಗಿಲ್ಲ. ಆದಕಾರಣ ಹೊಸ ಗುರುತ್ವವು, ಊರೊಳಗೆ ಸಾಧುವಾಗಿದ್ದು ಗಡಿ ದಾಟಿದೊಡನೆ ಬೇರೆಯೇ ಆಗಿಬಿಡುವ ಮನುಷ್ಯನಂತೆ ನಡೆದುಕೊಳ್ಳಬೇಕಾಗುತ್ತದೆ. ದ್ರವ್ಯವು ದಟ್ಟವಾಗಿರುವಲ್ಲಿ ಅಡಗಿ, ವಿರಳವಾಗಿರುವಲ್ಲಿ ಪ್ರಕಟವಾಗುವ ‘ಗೋಸುಂಬೆ ಕ್ಷೇತ್ರ’ವನ್ನು 2004ರಲ್ಲಿ ಖೌರಿ ಮತ್ತು ವೆಲ್ಟ್‌ಮನ್ ಕಲ್ಪಿಸಿದ್ದು ಇದಕ್ಕೆಂದೇ. ಇಂತಹ ರಚನೆಗಳಲ್ಲಿ ಜಾಣತನ ತುಸು ಅತಿಯಾಯಿತೆಂದು ನನ್ನ ಭಾವನೆ.

ನಿಯಮವನ್ನು ತಿದ್ದುವ ಹಲವು ಸಿದ್ಧಾಂತಗಳಲ್ಲಿ ಗುರುತ್ವದ ಅಲೆಯ ವೇಗವು ಬೆಳಕಿನ ವೇಗಕ್ಕಿಂತ ಬೇರೆ; ಅವುಗಳ ಪರೀಕ್ಷೆಯ ಮುಹೂರ್ತವು 2017ರ ಆಗಸ್ಟ್ 17ರಂದು, ನಮ್ಮ ಕಾಲಮಾನದಲ್ಲಿ ಸಂಜೆ 6 ಗಂಟೆ 11 ನಿಮಿಷಕ್ಕೆ ಒದಗಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತಿ ಸುತ್ತಿ ಕೂಡಿಕೊಂಡಾಗ ಎದ್ದ ಗುರುತ್ವದ ಅಲೆಗಳನ್ನು ಲೈಗೋ ಯಂತ್ರಗಳು ಹಿಡಿದವು. ಇಂತಹ ಅಲೆಗಳ ಆಕಾರವನ್ನು ಮುಂಚಿತವಾಗಿ ಗಣಿಸುವ ಕಾರ್ಯದಲ್ಲಿ ನಮ್ಮ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲ ಐಯರ್ ಅವರ ಪಾಲು ಹಿರಿದು. ಅಲೆಗಳು ಬಂದ 1.7 ಸೆಕೆಂಡಿನ ಮೇಲೆ, ಬೆಳಕಿನ ಜಾತಿಯವೇ ಆದ ಗಾಮಾ ಕಿರಣಗಳು ಬಂದವು. ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹಕ್ಕೆ ಆ ಕ್ಷಣದಲ್ಲಿ ಭೂಮಿಯೇ ಅಡ್ಡವಾಗಿದ್ದುದರಿಂದ ಅದಕ್ಕೆ ಏನೂ ಕಾಣಲಿಲ್ಲ. ಕಾಣದಿದ್ದುದರಿಂದಲೇ, ಮೂಲವು ಭೂಮಿಯ ಮರೆಯಲ್ಲಿದ್ದ ಭಾಗದಲ್ಲಿರಬೇಕೆಂದು ತಿಳಿದು, ಹುಡುಕಬೇಕಾದ ಆಕಾಶ ಕಿರಿದಾಯಿತು.

ಈಗ ಆ 1.7 ಸೆಕೆಂಡನ್ನು ತೂಗಿ ನೋಡೋಣ. ಗುರುತ್ವದ ಅಲೆಯ ವೇಗಕ್ಕೂ ಬೆಳಕಿನ ವೇಗಕ್ಕೂ ಕೋಟಿಯಲ್ಲಿ ಒಂದು ಪಾಲಿನಷ್ಟು ಅಂತರವಿದ್ದಿದ್ದರೂ, 13 ಕೋಟಿ ವರ್ಷಗಳ ಪಯಣದ ಕೊನೆಗೆ ಒಂದು ಇನ್ನೊಂದಕ್ಕಿಂತ 13 ವರ್ಷ ತಡವಾಗಿ ಬರಬೇಕಾಗಿತ್ತು. ಬಂದದ್ದು ಎರಡು ಸೆಕೆಂಡಿನೊಳಗೆ. ಅದರಲ್ಲಿಯೂ ಒಂದಂಶವು ಸ್ಫೋಟದ ಸ್ಥಳದಲ್ಲಿಯೇ ಆದ ವಿಳಂಬವಿರಬಹುದು. ವೇಗವು ಬೇರೆಯಾಗಬೇಕೆಂದು ವಿಧಿಸಿದ್ದ ಅನೇಕ ಸಿದ್ಧಾಂತಗಳು, ವರ್ಷಗಟ್ಟಲೆ ಪೋಷಿಸಲ್ಪಟ್ಟವುಗಳೂ ಸೇರಿ, ಆ ಒಂದು ಸಂಜೆಯಿಂದಲೇ ತ್ಯಾಜ್ಯವಾದವು.

ಎಲ್ಲವೂ ಅಳಿದುವೆಂದಲ್ಲ. ಅಲೆಯ ವೇಗವನ್ನು ಮುಟ್ಟದೆ, ದೂರ ಹೋದಂತೆ ಅದರ ಬಲವು ಕ್ಷೀಣಿಸುವ ರೀತಿಯನ್ನು ಮಾತ್ರ ಬದಲಿಸುವ ಸಿದ್ಧಾಂತಗಳು ಇನ್ನೂ ಉಳಿದಿವೆ. ಅವನ್ನು ಒರೆಗೆ ಹಚ್ಚಲು ಬೆಳಕೂ ಅಲೆಯೂ ಜೊತೆಗೂಡಿ ಬರುವ ಇನ್ನಷ್ಟು ಘಟನೆಗಳೂ, ಅವು ಎಲ್ಲಿ ನಡೆದವೆಂದು ನಿಷ್ಕೃಷ್ಟವಾಗಿ ತೋರಿಸುವ ಇನ್ನಷ್ಟು ಯಂತ್ರಗಳೂ ಬೇಕು. ಅಂತಹ ಒಂದು ಯಂತ್ರವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ನಿರ್ಮಿಸಲು ಕೇಂದ್ರ ಸಂಪುಟವು 2023ರ ಏಪ್ರಿಲ್‌ನಲ್ಲಿ ಅನುಮತಿ ನೀಡಿದೆ. ಅಲ್ಲಿಯ ತನಕ ಐನ್‌ಸ್ಟೈನನ ನಿಯಮವನ್ನು ತಿದ್ದಬೇಕೆನ್ನುವವರ ಮೇಲೆಯೇ ರುಜುವಾತಿನ ಭಾರವಿದೆ.