ಗದ್ದೆಯ ಕೆಸರು ಮತ್ತು ಕಡಲಿನ ಉಸಿರು



ನಾಟಿಯಾದ ಗದ್ದೆಯಲ್ಲಿ ನೀರು ನಿಂತಾಗ ಕೆಳಗಿನ ಕೆಸರಿಗೆ ಗಾಳಿ ತಲುಪುವುದಿಲ್ಲ. ಆದರೂ ಅಲ್ಲಿ ಸೂಕ್ಷ್ಮಜೀವಿಗಳು ಬದುಕುತ್ತವೆ. ಆಮ್ಲಜನಕ ದೊರೆಯದಾಗ ಅವುಗಳಲ್ಲಿ ಹಲವು ನೈಟ್ರೇಟನ್ನೇ ಬಳಸಿ ಉಸಿರಾಡುತ್ತವೆ. ಆ ನೈಟ್ರೇಟು ಹಂತಹಂತವಾಗಿ ಮಾರ್ಪಟ್ಟು, ಕಡೆಗೆ ಸಾರಜನಕ ಅನಿಲವಾಗಿ ಗಾಳಿಗೆ ಸೇರುತ್ತದೆ. ಹಾಕಿದ ಯೂರಿಯಾದ ಒಂದು ಪಾಲು ಪೈರಿಗೆ ದಕ್ಕದೆ ಹೋಗುವ ದಾರಿಗಳಲ್ಲಿ ಇದೂ ಒಂದು. ಇದನ್ನು ಡಿನೈಟ್ರಿಫಿಕೇಶನ್ ಎನ್ನುತ್ತಾರೆ.

ಇದೇ ಕ್ರಿಯೆ ಅರಬ್ಬಿ ಸಮುದ್ರದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಅಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದ ನೀರಿನಲ್ಲಿ ಆಮ್ಲಜನಕ ಅತ್ಯಲ್ಪ. ಮೇಲ್ಪದರದ ಸೂಕ್ಷ್ಮಸಸ್ಯಗಳು ಸತ್ತು ಕೆಳಗಿಳಿಯುವಾಗ, ಅವನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನು ಮುಗಿಸುತ್ತವೆ; ಅನಂತರ ನೈಟ್ರೇಟಿಗೆ ಕೈಹಾಕುತ್ತವೆ. ಅಮೋನಿಯಂ ಹಾಗೂ ನೈಟ್ರೈಟನ್ನು ಕೂಡಿಸಿ ಸಾರಜನಕ ಅನಿಲವಾಗಿಸುವ ಅನಾಮಾಕ್ಸ್ ಬ್ಯಾಕ್ಟೀರಿಯಾಗಳೂ ಸಾಗರಗಳ ಇಂಥ ನೀರಿನಲ್ಲಿವೆ. ಹೀಗೆ ಕಡಲು ತನ್ನ ಗೊಬ್ಬರವನ್ನು ಕಳೆದುಕೊಳ್ಳುತ್ತದೆ.

ದಡದ ಸಮೀಪದ ಕತೆ ಘಟ್ಟದವರಿಗೆ ಇನ್ನೂ ಹತ್ತಿರದ್ದು. ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ಪಶ್ಚಿಮ ಕರಾವಳಿಯತ್ತ ಮೇಲೇರಿ ಬರುತ್ತದೆ. ಕಾಳಿ, ಶರಾವತಿ, ನೇತ್ರಾವತಿಯಂಥ ಹೊಳೆಗಳ ಹಾಗೂ ಮಳೆಯ ಸಿಹಿನೀರು ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಮುಚ್ಚಳದಂತೆ ಹರಡುತ್ತದೆ. ಗಾಳಿಯ ಆಮ್ಲಜನಕ ಕೆಳಗಿಳಿಯುವುದು ಕಷ್ಟವಾಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ವೇಳೆಗೆ ಕೆಲವೆಡೆ ನೈಟ್ರೇಟೂ ತೀರಿ, ಸಲ್ಫೇಟನ್ನು ಬಳಸುವ ಜೀವಿಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತವೆ. ಅಂಥ ತಳದಲ್ಲಿ ಮೀನು, ಸಿಗಡಿಗಳು ಉಳಿಯಲಾರವು.

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ನೀರಿನ ನೈಟ್ರಸ್ ಆಕ್ಸೈಡ್ ಕುರಿತು ಎಚ್ಚರಿಸಿದರು. ಡಿನೈಟ್ರಿಫಿಕೇಶನ್ ಅರ್ಧಕ್ಕೆ ನಿಂತಾಗ ಉಳಿಯುವ ಅನಿಲವಿದು. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಶಾಖ ಹಿಡಿಯುತ್ತದೆ. ನೆಲದಿಂದ ಹರಿದುಬರುವ ಸಾರಜನಕವು ಈ ಸ್ಥಿತಿಯನ್ನು ತೀವ್ರಗೊಳಿಸಿರಬಹುದೆಂದೂ ಅವರು ಸೂಚಿಸಿದರು.

ಆಳದ ನೀರು ಮೇಲೇರುವುದು ನಿಸರ್ಗದ ಕ್ರಮ. ಅದನ್ನು ಯಾರೂ ತಡೆಯಲಾಗದು. ಅದರೊಡನೆ ತೋಟ-ಗದ್ದೆಗಳ ಗೊಬ್ಬರ ಸೇರದಂತೆ ನೋಡುವುದು ಮನುಷ್ಯನ ಕೈಯಲ್ಲಿದೆ. ಯೂರಿಯಾವನ್ನು ಒಮ್ಮೆಗೇ ಎರಚದೆ ಕಂತುಗಳಲ್ಲಿ ಕೊಡಬೇಕು. ಜೋರುಮಳೆಯ ಮುನ್ನಾದಿನ ಹಾಕಬಾರದು. ಹೊಳೆದಂಡೆಯ ಮರಗಿಡಗಳನ್ನು ಉಳಿಸಬೇಕು. ರೈತನ ಹಣವೂ ಉಳಿಯುತ್ತದೆ, ಕರಾವಳಿಯ ಮೀನುಗಾರನ ಮೇಲಿನ ಹೊರೆಯೂ ಅಷ್ಟು ತಗ್ಗುತ್ತದೆ.