ಗುರಿ ತಪ್ಪಿದರೆ ಕಣ್ಣನ್ನೇ ದೂರಬೇಡಿ



ನಾನು ಪೀಣ್ಯದಲ್ಲಿ ಲೇತ್ ಕೆಲಸಗಾರ. ಸಂಜೆ ಪೂಲ್ ಆಡುತ್ತೇನೆ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಹೆಸರು ಮಾಡಿದ ಬಿಲಿಯರ್ಡ್ಸ್, ಸ್ನೂಕರ್‌ಗಳ ಬಳಗದ ಆಟ. ಕೇರಂನಲ್ಲಿ ಸ್ಟ್ರೈಕರ್ ಇದ್ದಂತೆ ಇಲ್ಲಿ ಬಿಳಿ ಚೆಂಡು. ಬೆರಳಿನ ಬದಲು ಕ್ಯೂ ಎಂಬ ಕೋಲು.

ಚೆಂಡಿನ ನಡುವಿಗೆ ಹೊಡೆದರೆ ನೇರ ಹೋಗುತ್ತದೆ. ತಿರುಗಲೆಂದು ಬಲಬದಿಗೆ ಹೊಡೆದರೆ ತುಸು ಎಡಕ್ಕೆ ಸರಿದೇ ಹೊರಡುತ್ತದೆ. ದೂರದ ಹೊಡೆತ ತಪ್ಪಲು ಆ ತುಸುವೇ ಸಾಕು. ಬಹಳ ದಿನ ನನ್ನ ಕಣ್ಣನ್ನೇ ಬೈದುಕೊಂಡೆ.

ಕಾರಣ ಕೋಲಿನ ತುದಿಯ ತೂಕ. ತಿರುಗತೊಡಗಿದ ಚೆಂಡು ತುದಿಯನ್ನು ಬಲಕ್ಕೆ ತಳ್ಳುತ್ತದೆ. ತುದಿ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ಇದೇ ಶಾಲೆಯಲ್ಲಿ ಕಲಿತ ನ್ಯೂಟನ್ನನ ಮೂರನೇ ನಿಯಮ! ತುದಿ ಹಗುರವಾದಷ್ಟೂ ಸರಿಯುವುದು ಕಡಿಮೆ. ಅದಕ್ಕೇ ಕೆಲವು ಕ್ಯೂಗಳ ಮುಂಭಾಗವನ್ನು ಒಳಗೆ ಟೊಳ್ಳು ಮಾಡುತ್ತಾರೆ. ಆದರೂ ಪೂರ್ತಿ ಹೋಗದು. ತನ್ನ ಕೋಲಿನ ಗುಣ ಅರಿತು ಗುರಿಯನ್ನೇ ಕೊಂಚ ಬದಲಿಸಬೇಕು.

ಲೇತಿನಲ್ಲೂ ಉದ್ದದ ಬೋರಿಂಗ್ ಬಾರ್ ಬಾಗಿ ಅಳತೆ ಕೆಡುತ್ತದೆ. ಅಳೆದು, ಆಫ್‌ಸೆಟ್ ಕೊಟ್ಟು ಸರಿಪಡಿಸುತ್ತೇವೆ.

ಮಕ್ಕಳೇ, ಒಮ್ಮೆ ಸೋತ ಕೂಡಲೇ ದಡ್ಡರೆಂದುಕೊಳ್ಳಬೇಡಿ. ಏಕೆ ತಪ್ಪಿತೆಂದು ಕೇಳಿ, ಅಳೆಯಿರಿ, ಮತ್ತೆ ಹೊಡೆಯಿರಿ.